ಎಡಗೈಯ ಕತ್ತರಿ

ಬಲಗೆನ್ನೆ ಮುಗಿಸಿ ಎಡಗೆನ್ನೆಯ ನೊರೆಗೆ ರೇಜರ್ ಇಡಬೇಕು, ಅಷ್ಟರಲ್ಲಿ ಅವನ ಕೈ ನಿಂತಿತು. ಬಚ್ಚಲುಮನೆಯ ಸಣ್ಣ ಕನ್ನಡಿಯಲ್ಲಿ ಕಂಡದ್ದು ಅವನದೇ ಮುಖ, ನಲವತ್ತೊಂಬತ್ತು ವರ್ಷದ್ದು, ಕಣ್ಣ ಕೆಳಗೆ ಚೀಲ ಕಟ್ಟಿಕೊಂಡದ್ದು, ನಾಲ್ಕು ದಿನದ ಗಡ್ಡದ್ದು. ಅದರಲ್ಲಿ ಹೊಸದೇನಿರಲಿಲ್ಲ. ಆದರೆ ರೇಜರ್ ಹಿಡಿದ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಕಿರುಬೆರಳನ್ನು ಹೊರಗೆ ಚಾಚಿ, ತಲೆಯನ್ನು ತುಸು ಓರೆ ಮಾಡಿ ತಾನು ನಿಂತಿದ್ದ ಭಂಗಿ ಇತ್ತಲ್ಲ, ಅದನ್ನು ಅವನು ಹದಿನಾಲ್ಕು ತಿಂಗಳು ಮಣ್ಣಿನಲ್ಲಿ, ಮೇಣದಲ್ಲಿ, ಕೊನೆಗೆ ಕಂಚಿನಲ್ಲಿ ನೋಡಿದ್ದ. ಅದು ಕ್ಷೌರದಂಗಡಿಯ ಕತ್ತರಿ ಮಾಮನ ಭಂಗಿ. ಇವತ್ತು ಸಂಜೆ ಐದಕ್ಕೆ ಬಟ್ಟೆ ಸರಿದು ಊರಿಗೆಲ್ಲ ಕಾಣಬೇಕಾದ ಭಂಗಿ. ಬೆಳಿಗ್ಗೆ ಎದ್ದಾಗಿನಿಂದ ಮನಸ್ಸು ಹಗುರವಾಗಿತ್ತು, ಅದಕ್ಕೇ ತನಗೆ ತಾನೇ ಮಾಮನ ಆಟ ಕಟ್ಟುತ್ತಿದ್ದ, ಕನ್ನಡಿಯಲ್ಲಿದ್ದವನು ಥೇಟ್ ಪ್ರತಿಮೆಯ ಹಾಗೇ ನಿಂತಿದ್ದ. ಥೇಟ್. ಎಡವಟ್ಟಾದದ್ದು ಅಲ್ಲೇ. ಪ್ರತಿಮೆಯ ಹಾಗೆ ನಿಂತಿದ್ದವನು ಕನ್ನಡಿಯ ಒಳಗಿದ್ದವನು. ಹೊರಗೆ ನಿಂತಿದ್ದ ತನ್ನ ರೇಜರ್ ಇದ್ದದ್ದು ಬಲಗೈಯಲ್ಲಿ. ಪ್ರತಿಮೆಯ ಕತ್ತರಿ ಇದ್ದದ್ದು ಎಡಗೈಯಲ್ಲಿ.

ನೊರೆ ಒಣಗಿ ಕೆನ್ನೆ ಬಿಗಿಯುವವರೆಗೆ ಅಲ್ಲೇ ನಿಂತ. ಮಾಮ ಎಡಚನೇ ಆಗಿದ್ದರೆ? ಆಗಿರಬಾರದೆಂದು ಎಲ್ಲಿ ಬರೆದಿದೆ? ಆದರೆ ಹಾಗೆಂದುಕೊಳ್ಳುವಾಗಲೇ ತಾನು ತನಗೆ ಟೋಪಿ ಹಾಕುತ್ತಿದ್ದೇನೆಂದು ಅವನಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಮಾಮನ ಮುಖ ಅವನಿಗೆ ಸಿಕ್ಕಿದ್ದೇ ಕನ್ನಡಿಯಲ್ಲಿ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಏಳು ವರ್ಷದ ತನ್ನನ್ನು ಎತ್ತಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು ಮಾಮ ಹಿಂದೆ ನಿಲ್ಲುತ್ತಿದ್ದ. ಹಿಂದೆ ನಿಂತವನನ್ನು ನೋಡಲು ಇದ್ದದ್ದು ಒಂದೇ ದಾರಿ, ಎದುರಿನ ಗೋಡೆಯನ್ನು ಪೂರ್ತಿ ತುಂಬಿಕೊಂಡಿದ್ದ ಕನ್ನಡಿ, ಕೆಳಗಿನ ಮೂಲೆಯಲ್ಲಿ ಪಾದರಸ ಕಿತ್ತು ಕಪ್ಪಾಗಿದ್ದದ್ದು. ತಲೆ ಅಲ್ಲಾಡಿಸಬೇಡ, ಎನ್ನುತ್ತಿದ್ದ ಮಾಮ, ಕಿವಿ ನನ್ನ ಕೈಗೆ ಬಂದ್ರೆ ಪೊಟ್ಟಣ ಕಟ್ಟಿ ನಿಮ್ಮಮ್ಮನಿಗೆ ಕಳಿಸ್ತೀನಿ. ತಲೆ ಅಲ್ಲಾಡಿಸದೆ ಅರ್ಧ ಗಂಟೆ, ತಿಂಗಳಿಗೊಂದು ಸಲ, ಹನ್ನೆರಡು ವರ್ಷ ಅವನು ಆ ಮುಖವನ್ನೇ ನೋಡಿದ್ದ, ನೋಡಲು ಬೇರೇನೂ ಇರಲಿಲ್ಲ. ಮಾಮ ಬೀದಿಯಲ್ಲೂ ಸಿಗುತ್ತಿದ್ದ, ನಿಜ, ಆದರೆ ಬೀದಿಯಲ್ಲಿ ಸಿಕ್ಕವರ ಮುಖವನ್ನು ಯಾರು ಅರ್ಧ ಗಂಟೆ ನೋಡುತ್ತಾರೆ? ಆ ಓರೆ ಕತ್ತು, ಹುಬ್ಬನ್ನು ನಡುವೆ ಸೀಳಿದ್ದ ಕೂದಲಿಲ್ಲದ ಗೀರು, ಮಾತಾಡುವ ಮುಂಚೆ ತುಟಿ ಒಂದು ಕಡೆ ಏಳುವುದು, ಎಲ್ಲ ಕನ್ನಡಿಯಿಂದ ಬಂದದ್ದು. ಹಾಗಾದರೆ ಹುಬ್ಬೂ ಹೋಯಿತು. ಪ್ರತಿಮೆಯ ಬಲ ಹುಬ್ಬಿನಲ್ಲಿ ಗೀರಿತ್ತು. ಮನುಷ್ಯನಿಗೆ ಅದು ಎಡ ಹುಬ್ಬಿನಲ್ಲಿದ್ದಿರಬೇಕು.

"ರೀ, ಒಳಗಿದ್ದೀರೋ, ಗೋಡೆ ಹಾರಿ ಹೋದ್ರೋ? ಕಾಫಿ ಮೂರು ಸಲ ಬಿಸಿ ಮಾಡಿದೆ," ಎಂದು ಹೆಂಡತಿ ಬಾಗಿಲು ಬಡಿದಳು. ತೆರೆದ. ಒಂದು ಕಡೆ ನುಣ್ಣಗೆ, ಒಂದು ಕಡೆ ಬಿಳಿ ಪೊರೆಗಟ್ಟಿದ್ದ ಆ ಮುಖವನ್ನು ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇದೇನು ಅವತಾರ?"

"ಮಾಮ ಎಡಗೈಯವನಲ್ಲ."

"ಯಾವ ಮಾಮ?"

"ಕತ್ತರಿ ಮಾಮ. ಕತ್ತರಿ ತಪ್ಪು ಕೈಗೆ ಕೊಟ್ಟುಬಿಟ್ಟಿದ್ದೀನಿ."

ಅವಳು ಬೇರೆ ಊರಿನವಳು, ಮಾಮನನ್ನು ಕಂಡವಳಲ್ಲ. ಅವನ ಮುಖವನ್ನೂ ರೇಜರನ್ನೂ ಒಂದಾದ ಮೇಲೊಂದು ನೋಡಿದಳು. "ಎರಕ ಹೊಯ್ದು, ಬೋಲ್ಟ್ ಬಿಗಿದು, ಬಟ್ಟೆ ಮುಚ್ಚಿದ ಮೇಲೆ ಹೊಳೀತಾ?" ಎಂದಳು. ಆಮೇಲೆ ನಗಲು ಶುರು ಮಾಡಿದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ಇರೋದೇ ಎರಡು ಕೈ. ಅದರಲ್ಲೂ ತಪ್ಪು ಮಾಡೋಕೆ ದಾರಿ ಹುಡುಕಿದ್ರಲ್ಲ, ನಿಮ್ಮ ಪ್ರತಿಭೆಗೆ ಏನು ಹೇಳೋಣ." ಅವನಿಗೂ ನಗು ಬಂತು, ಬಂದಷ್ಟೇ ಬೇಗ ಇಂಗಿತು. ಮುಖ ಒರೆಸಿಕೊಂಡು, ಅಂಗಿ ಹಾಕಿಕೊಂಡು, ಕಾಫಿಯನ್ನು ನಿಂತೇ ಗಂಟಲಿಗೆ ಸುರಿದುಕೊಂಡು ಹೊರಟ. ಅರ್ಧ ಗಡ್ಡ ಹಾಗೇ ಉಳಿದದ್ದು ಅವನಿಗೆ ನೆನಪಿರಲಿಲ್ಲ, ಅವಳಿಗೆ ಇತ್ತು, ಆದರೆ ಅವಳು ಹೇಳಲಿಲ್ಲ.

ನಗರಸಭೆಯವರು ಏಳು ಪ್ರತಿಮೆಗಳಿಗೆ ಗೊತ್ತು ಮಾಡಿದ್ದರು. ಊರಿಗೆ ಬೇಕಾದವರು ಯಾರು ಎಂದು ಊರೇ ಹೇಳಲಿ ಎಂದು ಗ್ರಂಥಾಲಯದಲ್ಲಿ ಒಂದು ಪೆಟ್ಟಿಗೆ ಇಟ್ಟು ಚೀಟಿ ಹಾಕಿಸಿದರು. ಆರು ಹೆಸರು ಎಲ್ಲರೂ ಅಂದುಕೊಂಡ ಹಾಗೇ ಬಂದವು, ಸೇತುವೆ ಕಟ್ಟಿದ ಎಂಜಿನಿಯರು, ಮೊದಲ ಲೇಡಿ ಡಾಕ್ಟರು, ಗಡಿಯಾರದ ಗೋಪುರಕ್ಕೆ ಐವತ್ತು ವರ್ಷ ಕೀಲಿ ಕೊಟ್ಟವನು, ಹೀಗೆ. ಏಳನೆಯ ಹೆಸರಿಗೆ ಉಳಿದ ಆರಕ್ಕೂ ಸೇರಿ ಬಿದ್ದದ್ದಕ್ಕಿಂತ ಹೆಚ್ಚು ಚೀಟಿ ಬಿದ್ದಿತ್ತು. ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮೇಷ್ಟ್ರು, ಕ್ಷೌರದಂಗಡಿಯವನಿಗೆ ಕಂಚೇ, ಯಾರೋ ಹುಡುಗಾಟ ಮಾಡಿದ್ದಾರೆ ಎಂದು ಚೀಟಿಗಳನ್ನು ಮನೆಗೆ ಕೊಂಡುಹೋದರು. ಮಾರನೆಯ ದಿನ ತಂದಾಗ ಅವರ ದನಿ ಇಳಿದಿತ್ತು. ಪ್ರತಿ ಮಂಗಳವಾರ, ಅಂಗಡಿಯ ರಜದ ದಿನ, ಮಾಮ ಕೈಚೀಲ ಹಿಡಿದು ದೊಡ್ಡಾಸ್ಪತ್ರೆಗೆ ಹೋಗಿ ಮಂಚ ಬಿಟ್ಟು ಏಳಲಾರದವರ ತಲೆ, ಗಡ್ಡ ನೋಡಿಕೊಳ್ಳುತ್ತಿದ್ದ, ನಲವತ್ತು ವರ್ಷ. ಕಾಯಿಲೆ ಡಾಕ್ಟರಿಗೆ ಬಿಟ್ಟದ್ದು, ಮುಖ ನನಗೆ ಬಿಡಿ, ಎನ್ನುತ್ತಿದ್ದನಂತೆ. ಚೀಟಿಗಳಲ್ಲಿ ಅದೇ ಇತ್ತು. ಕೊನೆಯ ವಾರದಲ್ಲೂ ಅಪ್ಪ ಅಪ್ಪನ ಹಾಗೇ ಕಂಡರು, ಎಂದು ಒಬ್ಬರು ಬರೆದಿದ್ದರು. ಹೆಡ್‌ಮೇಷ್ಟ್ರು ಅದನ್ನು ಸಭೆಯಲ್ಲಿ ಓದಲು ಹೋಗಿ ಓದಲಾಗದೆ ಪಕ್ಕದವರಿಗೆ ಕೊಟ್ಟರು.

ಪ್ರತಿಯೊಬ್ಬರೂ ತಾವು ಕೆಲಸ ಮಾಡಿದ ಜಾಗದಲ್ಲೇ ನಿಲ್ಲಬೇಕೆಂದು ತೀರ್ಮಾನವಾಗಿತ್ತು. ಹಾಗಾಗಿ ಮಾಮನಿಗೆ ಅವನ ಅಂಗಡಿಯ ಎದುರಿನ ಫುಟ್‌ಪಾತು, ಮುಖ ಅಂಗಡಿಯ ಕಡೆಗೆ. ಮನೆಯವರ ಹತ್ತಿರ ಫೋಟೋ ಇಸ್ಕೊಳ್ಳಿ, ಎಂದು ಹೆಡ್‌ಮೇಷ್ಟ್ರು ಹೇಳಿದ್ದರು. ಬೇಡ ಸಾರ್, ನನಗೆ ಅವರ ಮುಖ ಗೊತ್ತು, ಎಂದಿದ್ದ. ಎಷ್ಟು ಠೀವಿಯಿಂದ ಎಂದಿದ್ದ. ಅದರಲ್ಲಿ ಸುಳ್ಳಿರಲಿಲ್ಲ, ಆದರೆ ನಿಜವೂ ಅಷ್ಟೇ ಆಗಿರಲಿಲ್ಲ. ಮಣ್ಣಿನ ಮಾದರಿ ನೋಡಲು ಸಮಿತಿಯವರು ಬಂದಾಗಲೂ ಮಾಮನ ಹೆಂಡತಿ, ಮಗಳು ಬಾರದ ಹಾಗೆ ಭಾನುವಾರ ಬೆಳಿಗ್ಗೆ ಇಟ್ಟುಕೊಂಡಿದ್ದ, ಈಗ ಮಗಳು ನಡೆಸುವ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಬಂದವರೆಲ್ಲ ಅಂಗಡಿಯ ಗಿರಾಕಿಗಳು. ಬಾಗಿಲಲ್ಲೇ ನಿಂತು, ಇವನೇ ಕಣ್ರೀ, ಇವನೇ, ಎಂದಿದ್ದರು. ಒಬ್ಬರು ಕತ್ತಿನ ಹಿಂಭಾಗ ಮುಟ್ಟಿಕೊಂಡರು. ಯಾರಿಗೂ ತಪ್ಪು ಕಾಣಲಿಲ್ಲ. ಹೇಗೆ ಕಂಡೀತು, ಅವರಿಗೂ ಮಾಮ ಸಿಕ್ಕಿದ್ದು ಅದೇ ಕನ್ನಡಿಯಲ್ಲಿ.

ಆ ಮನೆಗೆ ಫೋಟೋ ಕೇಳಲು ಹೋಗದೆ ಇದ್ದದ್ದಕ್ಕೆ ಕಾರಣ ಮೂವತ್ತು ವರ್ಷ ಹಳೆಯದು. ಅವನ ನೆತ್ತಿಯಲ್ಲಿ ಎರಡು ಸುಳಿ, ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ, ನಡುವೆ ಒಂದು ಕುಚ್ಚು ಏನು ಮಾಡಿದರೂ ಎದ್ದು ನಿಲ್ಲುತ್ತಿತ್ತು. ಮಾಮ ಅವನನ್ನು ಜೋಡಿಸುಳಿ ಎಂದು ಕರೆಯುತ್ತಿದ್ದ, ಈ ತಲೆ ಬಗ್ಗಿಸೋನು ನಾನೊಬ್ಬನೇ, ಎನ್ನುತ್ತಿದ್ದ. ಹತ್ತೊಂಬತ್ತನೆಯ ವಯಸ್ಸಿಗೆ, ಕಲಾಶಾಲೆಯ ಮೊದಲ ವರ್ಷ ಮುಗಿಸಿ, ಹೆಗಲವರೆಗೆ ಕೂದಲು ಬಿಟ್ಟುಕೊಂಡು, ಇಬ್ಬರು ದೊಡ್ಡ ಮನೆಯ ಗೆಳೆಯರನ್ನು ಊರು ತೋರಿಸಲು ಕರೆತಂದಿದ್ದ. ಅಂಗಡಿಯ ಮುಂದೆ ಹಾಯುವಾಗ ಮಾಮ ಕೈಯಲ್ಲಿ ಕತ್ತರಿ ಹಿಡಿದೇ ಮೆಟ್ಟಿಲಿಗೆ ಬಂದ. ಏನೋ ಜೋಡಿಸುಳಿ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಲೇ ಬಿಟ್ಟಿದ್ದೀಯಾ ಕೂದಲು? ಗೆಳೆಯರು ತಿರುಗಿ ನೋಡಿದರು. ಯಾರೋ ಇದು, ಎಂದ ಒಬ್ಬ. ಇವನು ಹೇಳಿದ, ಯಾರೋಪ್ಪ, ನನಗೆ ಗೊತ್ತಿಲ್ಲ. ಇನ್ನೂ ನಾಲ್ಕು ಹೆಜ್ಜೆ ದೂರ ಹೋಗಿ ಹೇಳಬಹುದಾಗಿತ್ತು, ಅಲ್ಲೇ ಹೇಳಿದ. ಎತ್ತಿದ್ದ ಕೈ ಇಳಿದದ್ದನ್ನು ಕಣ್ಣಂಚಿನಲ್ಲಿ ಕಂಡ. ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆರು ವರ್ಷದ ಹಿಂದೆ ಮಾಮ ಸತ್ತಾಗ ಇದೇ ಊರಿನಲ್ಲಿದ್ದ, ಹೋಗಲಿಲ್ಲ. ಏಳನೆಯ ಪ್ರತಿಮೆ ತನ್ನ ಪಾಲಿಗೆ ಬಂದಾಗ ಅವನಿಗೆ ಆದ ಸಂತೋಷ ಎಂಥದೆಂದರೆ ಮನೆಗೆ ಬಂದು ಹೆಂಡತಿಗೂ ಹೇಳದೆ ಒಂದು ಗಂಟೆ ಸುಮ್ಮನೆ ಕೂತಿದ್ದ. ತೀರಿಸಿಬಿಡುತ್ತೇನೆ ಎಂದುಕೊಂಡಿದ್ದ. ತೀರಿಸಿದ ಚೆಂದ ನೋಡು ಈಗ.

ತನ್ನ ಶಿಲ್ಪಶಾಲೆಗೆ ಹೋಗಿ ಎರಕದ ಯಜಮಾನನಿಗೆ ಫೋನು ಮಾಡಿದ. ಎರಡೂ ಕೈ ಮೊಣಕೈಯ ಹತ್ತಿರ ಬೇರೆಯಾಗಿ ಎರಕ ಹೊಯ್ದು ಆಮೇಲೆ ಬೆಸುಗೆ ಹಾಕಿದ್ದವು. "ಬಿಡಿಸಿ ಅದಲು ಬದಲು ಮಾಡೋಕಾಗುತ್ತಾ?"

"ಯಾಕಾಗಲ್ಲ, ಎರಡು ದಿನದ ಕೆಲಸ," ಎಂದ ಅವನು. ಆಮೇಲೆ, "ಹೆಬ್ಬೆರಳು ಹೊರಗಡೆ ಬರುತ್ತೆ. ನಡೆಯುತ್ತಾ?" ಎಂದ. ನಡೆಯುವುದಿಲ್ಲ ಎಂದು ಇವನು ಫೋನು ಇಟ್ಟ. ಕಪಾಟಿನ ಮೇಲೆ ಮಾಮನ ತಲೆಯ ಪ್ಲಾಸ್ಟರ್ ಅಚ್ಚು ಇತ್ತು, ಒಳಗಡೆ ಟೊಳ್ಳಾಗಿ. ಅಚ್ಚಿನೊಳಗೆ ಮೂಗು ಒಳಕ್ಕೆ, ಕಣ್ಣು ಒಳಕ್ಕೆ. ಮೂವತ್ತು ವರ್ಷದಿಂದ ಬಲವನ್ನು ಎಡವೆಂದೂ ಉಬ್ಬನ್ನು ತಗ್ಗೆಂದೂ ಓದುವುದೇ ಹೊಟ್ಟೆಪಾಡಾಗಿದ್ದವನು, ಒಂದು ಕನ್ನಡಿಯ ಮುಂದೆ ಏಳು ವರ್ಷದ ಹುಡುಗನಷ್ಟೇ ಪೆದ್ದನಾಗಿ ಹೋಗಿದ್ದ. ಹೊಸದಾಗಿ ಮಾಡಬೇಕೆಂದರೆ ಇನ್ನೊಂದು ವರ್ಷ. ಹೇಳದೆ ಸುಮ್ಮನಿದ್ದುಬಿಟ್ಟರೆ ಊರಿಗೆ ಗೊತ್ತಾಗುವುದಿಲ್ಲ. ಆದರೆ ಪ್ರತಿಮೆಯ ಬಟ್ಟೆ ಸರಿಸಲು ಹಗ್ಗ ಎಳೆಯುವವಳು ಮಾಮನ ಹೆಂಡತಿ. ಐವತ್ತೆರಡು ವರ್ಷ ಕಟ್ಟಿಕೊಂಡು ಬಾಳಿದವಳಿಗೆ ಗಂಡನ ಕೈ ಯಾವುದು ಎಂದು ಗೊತ್ತಿರುವುದಿಲ್ಲವೇ? ಅಷ್ಟು ಜನರ ಎದುರು ಅವಳು ಬಟ್ಟೆ ಸರಿಸಿ, ಇದ್ಯಾರು ಎಂದರೆ? ಯಾರೋ, ನನಗೆ ಗೊತ್ತಿಲ್ಲ, ಎಂಬ ಮಾತು ಅವಳ ಬಾಯಿಂದ ಬಂದರೆ? ಬರಲೇಬೇಕಾದ್ದು ಬರುತ್ತಿದೆ ಎಂದೂ ಅನ್ನಿಸಿತು. ಮಧ್ಯಾಹ್ನ ಮೂರು ದಾಟಿದಾಗ ನಿರ್ಧಾರ ಮಾಡಿದ. ಹಗ್ಗಕ್ಕೆ ಕೈ ಹಾಕುವ ಮುಂಚೆ ಅವಳಿಗೆ ಹೇಳಬೇಕು, ಬೇಡ ಎಂದರೆ ನಿಲ್ಲಿಸಬೇಕು.

ಬೀದಿಯಲ್ಲಿ ಆಗಲೇ ಕುರ್ಚಿ ಹಾಕುತ್ತಿದ್ದರು. ಫುಟ್‌ಪಾತಿನ ಮೇಲೆ ಹಸಿರು ಬಟ್ಟೆ ಹೊದ್ದ ಮಾಮ, ಭುಜ ಮಾತ್ರ ಗುರುತು ಸಿಗುವ ಹಾಗೆ. ಮೈಕಿನ ತಂತಿ ಬಿಡಿಸುತ್ತಿದ್ದವರ ನಡುವೆ ಹೆಡ್‌ಮೇಷ್ಟ್ರು ಕೈಯಲ್ಲಿ ಭಾಷಣದ ಹಾಳೆ ಹಿಡಿದು ತಿರುಗುತ್ತಿದ್ದರು, ಅವನ ಮುಖ ಕಂಡು ನಿಂತರು. ಎಡಗೆನ್ನೆಯ ಗಡ್ಡ, ಬಲಗೆನ್ನೆಯ ನುಣುಪು, ಮತ್ತೆ ಎಡಗೆನ್ನೆ. "ಕಲಾವಿದರು," ಎಂದು ತಮಗೇ ಹೇಳಿಕೊಂಡರು, "ಕೇಳಬಾರದು."

ಅವನು ಆಗ ಕೆನ್ನೆ ಮುಟ್ಟಿ ನೋಡಿಕೊಂಡ. ಬೆಳಿಗ್ಗೆಯಿಂದ ಹೀಗೇ ಓಡಾಡಿದ್ದ, ಬಸ್ಸಿನಲ್ಲಿ, ಅಂಗಡಿಬೀದಿಯಲ್ಲಿ. ಹೆಂಡತಿಯ ನಗು ನೆನಪಾಯಿತು. "ಸಾರ್, ಒಂದು ಮಾತು. ಮಾಮ ಕತ್ತರಿ ಹಿಡೀತಿದ್ದದ್ದು ಯಾವ ಕೈಯಲ್ಲಿ?"

ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿದರು. ಬೆನ್ನು ನೆಟ್ಟಗಾಯಿತು, ಗದ್ದ ಇಳಿಯಿತು, ಅಲ್ಲಿಲ್ಲದ ಕುರ್ಚಿಯ ಎರಡೂ ಕೈಗಳ ಮೇಲೆ ಅವರ ಕೈಗಳು ಕೂತವು. "ಎಡಗೈ," ಎಂದರು ಕಣ್ಣು ತೆರೆಯದೆ. "ಕಾಣ್ತಾ ಇದೆಯಲ್ಲಪ್ಪ." ಅವನು ಅವರಿಗೆ ನಮಸ್ಕಾರ ಹೇಳಿ ಬೀದಿ ದಾಟಿದ.

ಅಂಗಡಿಯಲ್ಲಿ ಮಾಮನ ಮಗಳು ಕೊನೆಯ ಗಿರಾಕಿಯನ್ನು ಕಳಿಸಿ ಕೂದಲು ಗುಡಿಸುತ್ತಿದ್ದಳು. ನಲವತ್ತರ ಹತ್ತಿರದವಳು, ಅಪ್ಪನ ಹಾಗೇ ಕತ್ತು ಓರೆ. ಅಂಗಡಿ ಬದಲಾಗಿರಲಿಲ್ಲ. ಅದೇ ಕನ್ನಡಿ, ಮೂಲೆಯ ಕಪ್ಪು ಮಾತ್ರ ಸ್ವಲ್ಪ ಮೇಲೆ ಹತ್ತಿತ್ತು. ಗೋಡೆಗೆ ಒರಗಿದ್ದ ಬೆಂಚಿನ ಮೇಲೆ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಅತ್ತೆ ಕೂತಿದ್ದಳು. ಗಂಡ ಊರಿಗೆಲ್ಲ ಮಾಮ ಆದದ್ದರಿಂದ ಅವಳು ಊರಿಗೆಲ್ಲ ಅತ್ತೆ. "ಅತ್ತೆ, ನಾನು ಪ್ರತಿಮೆ ಮಾಡಿದವನು," ಎಂದ. "ನಿಮ್ಮ ಹತ್ರ ಒಂದು ವಿಷಯ..."

"ಮೊದಲು ಕೂತ್ಕೊಳ್ಳಿ," ಎಂದಳು ಮಗಳು. "ಈ ಮುಖ ಇಟ್ಕೊಂಡು ಯಾವ ವಿಷಯನೂ ಹೇಳಬೇಡಿ. ನಮ್ಮ ಅಂಗಡಿ ಎದುರಿಗೆ ಈ ಥರ ನಿಂತ್ರೆ ನಮಗೆ ಅವಮಾನ." ತೋಳು ಹಿಡಿದು ಕುರ್ಚಿಗೆ ಹಾಕಿಯೇಬಿಟ್ಟಳು. ಬಿಳಿ ಬಟ್ಟೆ ಕತ್ತಿಗೆ ಬಿತ್ತು. ಬ್ರಷ್ಷು ಕೆನ್ನೆಯ ಮೇಲೆ ಸುತ್ತತೊಡಗಿದಾಗ ಬಾಯಿ ತೆರೆದರೆ ನೊರೆ ಒಳಗೆ ಹೋಗುತ್ತಿತ್ತು, ಕತ್ತಿ ಬಂದ ಮೇಲಂತೂ ಮಾತಿನ ಪ್ರಶ್ನೆಯೇ ಇರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ತಪ್ಪೊಪ್ಪಿಕೊಳ್ಳಲು ಬಂದವನ ಗಂಟಲ ಮೇಲೆ ಕತ್ತಿ ಇಟ್ಟು ಸುಮ್ಮನೆ ಕೂರಿಸಿದ್ದರು. ಕನ್ನಡಿಯಲ್ಲಿ ಮಗಳ ಮೊಣಕೈ, ಅದರಾಚೆ ತೆರೆದ ಬಾಗಿಲು, ಬಾಗಿಲಾಚೆ ಬೀದಿ, ಬೀದಿಯಾಚೆ ಹಸಿರು ಬಟ್ಟೆಯ ಗಂಟು ಕಾಣುತ್ತಿದ್ದವು. ಮಗಳ ಬಲಗೈ ಕನ್ನಡಿಯಲ್ಲಿ ಎಡಗೈಯಾಗಿ ಓಡಾಡುತ್ತಿತ್ತು. ನೋಡಿದೆಯಾ, ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಆ ನೊರೆಯ ತಂಪಿಗೆ, ಕಿವಿಯ ಪಕ್ಕದ ಆ ಹಳೆಯ ಸಾಬೂನಿನ ವಾಸನೆಗೆ, ಏಳು ವರ್ಷದವನ ಮೈ ಸಡಿಲಾದ ಹಾಗೆ ಅವನ ಮೈ ಸಡಿಲಾಯಿತು, ನಾಚಿಕೆ ಎನ್ನಿಸುವಷ್ಟು ಸುಖವಾಯಿತು.

"ಹಿಂದೆ ಸ್ವಲ್ಪ ಸರಿ ಮಾಡ್ತೀನಿ, ಇದೂ ಕಾಡಾಗಿದೆ," ಎಂದು ಮಗಳು ಕತ್ತರಿ ತೆಗೆದುಕೊಂಡಳು. ನೆತ್ತಿಯ ಕೂದಲು ಎತ್ತಿದವಳು ನಿಂತಳು. "ಅಮ್ಮ, ಬಾ ಇಲ್ಲಿ. ಎರಡು ಸುಳಿ."

ಅತ್ತೆ ಎದ್ದು ಬಂದಳು. ಒಣಗಿದ ಬೆರಳೊಂದು ಅವನ ನೆತ್ತಿಯ ಮೇಲೆ ಮೊದಲು ಒಂದು ಸುಳಿಯನ್ನು, ಆಮೇಲೆ ಇನ್ನೊಂದನ್ನು ಸುತ್ತಿತು. "ಜೋಡಿಸುಳಿ," ಎಂದಳು. "ನೀನೇನೋ ಅದು."

ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಬಿಟ್ಟುಹೋಗಿ ಬೇರೆಯದೇ ಮೊದಲು ಬಂತು. "ಅವರನ್ನ ಗೊತ್ತಿಲ್ಲ ಅಂದುಬಿಟ್ಟೆ ಅತ್ತೆ. ಇಲ್ಲೇ, ಈ ಮೆಟ್ಟಿಲ ಹತ್ರ. ಅವರಿಗೆ ಕೇಳಿಸ್ತು."

"ಕೇಳಿಸ್ತು," ಎಂದಳು ಅತ್ತೆ. "ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ಹೇಳಿದ್ರು, ಆ ಹುಡುಗ ಕೂದಲು ಉದ್ದ ಬಿಟ್ಟಿದ್ದು ಒಳ್ಳೇದಾಯ್ತು, ಆ ಕುಚ್ಚು ಮಲಗಿಸೋಕೆ ಅದೊಂದೇ ದಾರಿ, ಹನ್ನೆರಡು ವರ್ಷ ಕತ್ತರಿಸಿದೆ, ನನಗೇ ಹೊಳೀಲಿಲ್ಲವಲ್ಲ ಅಂತ. ಊಟ ಬಿಟ್ಟಿದ್ದು ಅದಕ್ಕೋ ಇದಕ್ಕೋ, ನಾನು ಕೇಳೋಕೆ ಹೋಗ್ಲಿಲ್ಲ." ಅವನಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು, ತಲೆ ಅಲ್ಲಾಡಿಸಬೇಡಿ ಎಂದು ಮಗಳು ಗದರಿದಳು. ಆ ಗದರಿಕೆಯಿಂದ ಧೈರ್ಯ ಬಂದು ಉಳಿದದ್ದನ್ನೂ ಹೇಳಿದ, ಮುಖ ತೋರಿಸಲು ಆಗದೆ ಫೋಟೋ ಕೇಳಲು ಬರಲಿಲ್ಲ ಎಂದು, ನೆನಪಿನಿಂದ ಮಾಡಿದೆ ಎಂದು, ನೆನಪು ಕನ್ನಡಿಯದು ಎಂದು, ಕತ್ತರಿ ಎಡಗೈಯಲ್ಲಿದೆ ಎಂದು.

ಮಗಳ ಕೈ ನಿಂತಿತು. "ಎಡಗೈಲಿ ಈ ಕತ್ತರಿ ಕತ್ತರಿಸೋದೇ ಇಲ್ಲವಲ್ಲ," ಎಂದಳು. "ಕೂದಲು ಮಡಚಿಕೊಳ್ಳುತ್ತೆ."

"ಎಡಗೈಲಿ ಅವರಿಗೆ ನೀರಿನ ಲೋಟನೂ ಸರಿಯಾಗಿ ಹಿಡಿಯೋಕೆ ಬರ್ತಿರಲಿಲ್ಲ," ಎಂದಳು ಅತ್ತೆ.

"ನೀವು ಬೇಡ ಅಂದ್ರೆ ಈಗಲೇ ನಿಲ್ಲಿಸ್ತೀನಿ ಅತ್ತೆ. ಇನ್ನೊಂದು ವರ್ಷ ಕೊಡಿ, ಹೊಸದಾಗಿ ಮಾಡ್ತೀನಿ."

"ನನಗೆ ಎಂಬತ್ತೊಂದು. ನನ್ನ ಹತ್ರ ವರ್ಷದ ಮಾತು ಆಡಬೇಡ." ಹೊರಗೆ ಮೈಕು ಒಂದೆರಡು ಸಲ ಕೆಮ್ಮಿತು, ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದು, ಅಮ್ಮ, ಹೊತ್ತಾಯ್ತು, ಎಂದರು. ಅತ್ತೆ ಅವನ ಕತ್ತಿನ ಬಟ್ಟೆ ತಾನೇ ಬಿಚ್ಚಿ ಕೊಡವಿದಳು. "ನಡಿ. ಅಷ್ಟು ಜನ ಬಂದಿದ್ದಾರೆ, ಬಟ್ಟೆ ನೋಡಿಕೊಂಡು ಹೋಗಲಿ ಅನ್ನೋಕಾಗುತ್ತಾ?"

ಬೀದಿ ತುಂಬಿತ್ತು. ಅವನು ಹಿಂದೆಲ್ಲೋ ನಿಲ್ಲಲು ನೋಡಿದ, ಅತ್ತೆ ಮಣಿಕಟ್ಟು ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದಳು. ಹೆಂಡತಿ ಎರಡನೆಯ ಸಾಲಿನಲ್ಲಿ ಕೂತು ಅವನ ಎರಡೂ ಕೆನ್ನೆಗಳನ್ನು ಪರೀಕ್ಷೆ ಮಾಡಿ ತಲೆಯಾಡಿಸಿದಳು. ಅತ್ತೆ ಹಗ್ಗ ಎಳೆದಾಗ ಬಟ್ಟೆ ಪ್ರತಿಮೆಯ ಎತ್ತಿದ ಮೊಣಕೈಗೆ ಒಂದು ಗಳಿಗೆ ಸಿಕ್ಕಿಕೊಂಡಿತು, ಆಮೇಲೆ ಪೂರ್ತಿ ಜಾರಿ ಕಾಲ ಬಳಿ ಬಿತ್ತು. ಸಂಜೆಯ ಬಿಸಿಲು ಓರೆಯಾಗಿ ಕಂಚಿನ ಹಣೆಗೆ, ಕತ್ತರಿಯ ಅಲಗಿಗೆ ಬಡಿಯಿತು. ಆಮೇಲೆ ಅವನು ಜೀವಮಾನದಲ್ಲಿ ಮರೆಯದ್ದು ನಡೆಯಿತು, ಅಷ್ಟು ಜನರಲ್ಲಿ ಮುಕ್ಕಾಲು ಪಾಲು ಜನ, ಬೋಳು ತಲೆಯವರೂ ಸೇರಿ, ತಮಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಗದ್ದ ಇಳಿಸಿದರು. ಬ್ಯಾಂಕಿನ ಮ್ಯಾನೇಜರು, ಹೂವಿನಂಗಡಿಯವನು, ಇಬ್ಬರು ಪೊಲೀಸಿನವರು, ಮೈಕಿನ ಮುಂದೆ ಹೆಡ್‌ಮೇಷ್ಟ್ರು. ಯಾರೋ ಹಿಂದಿನಿಂದ, "ತಲೆ ಅಲ್ಲಾಡಿಸಬೇಡ," ಎಂದರು. ಬೀದಿಗೆ ಬೀದಿಯೇ ನಕ್ಕಿತು. ನಗು ನಿಂತ ಮೇಲೂ ಜನ ಚಪ್ಪಾಳೆ ತಟ್ಟುತ್ತಿದ್ದರು, ಒಬ್ಬಳು ಮುಂದೆ ಬಂದು ಕಂಚಿನ ಕೈಯನ್ನು ಮುಟ್ಟಿ, ಅಪ್ಪನ ಆಸ್ಪತ್ರೆಯ ವಾರ್ಡಿನ ನಂಬರು ಹೇಳಿ, ಅಷ್ಟೇ ಹೇಳಿ ಹೋದಳು. ಅವನ ಎದೆ ಉಬ್ಬಿ ಬಂತು. ಆದರೆ ಪಕ್ಕದಲ್ಲಿ ಅತ್ತೆ ಚಪ್ಪಾಳೆ ತಟ್ಟಿರಲಿಲ್ಲ. ಅವಳು ಮುಖವನ್ನು ನೋಡಿದಳು, ಹುಬ್ಬನ್ನು ನೋಡಿದಳು, ಕೈಗಳನ್ನು ನೋಡಿದಳು, ಅಪರಿಚಿತರನ್ನು ನೋಡುವಾಗ ಇರುವ ಮರ್ಯಾದೆಯಿಂದ.

"ಚೆನ್ನಾಗಿ ಮಾಡಿದ್ದೀಯ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. "ಆದ್ರೆ ಇವರು ನಮ್ಮನೆಯವರಲ್ಲ ಕಣೋ. ಅವರಿಗೊಬ್ಬ ಅಣ್ಣ ಇದ್ದಿದ್ರೆ ಹೀಗಿರ್ತಿದ್ದ." ಸಿಟ್ಟಿರಲಿಲ್ಲ ಅದರಲ್ಲಿ. ಮಂಡಿ ನೋಯ್ತಿದೆ, ಒಳಗೆ ಕೂತಿರ್ತೀನಿ, ಎಂದು ಜನರ ನಡುವೆ ದಾರಿ ಮಾಡಿಕೊಂಡು ಅಂಗಡಿಯ ಕಡೆ ಹೋದಳು.

ಊರೆಲ್ಲ ಅವನ ಕೈ ಕುಲುಕಿತು, ಬೆನ್ನು ತಟ್ಟಿತು, ಹೆಡ್‌ಮೇಷ್ಟ್ರು ಅವನ ಕಿವಿಯಲ್ಲಿ, ನೋಡಿದೆಯಾ, ಎಡಗೈ ಅಂದೆನಲ್ಲ, ಎಂದರು. ಅವನು ನಕ್ಕ. ಊರಿಗೆ ಊರಿನ ಮಾಮ ಸಿಕ್ಕಿದ್ದ, ಅದು ಸಣ್ಣ ಮಾತಲ್ಲ, ಆ ಸಂತೋಷ ಮೈಯೆಲ್ಲ ಹರಿದಾಡುತ್ತಲೇ ಇತ್ತು. ಮಾಮ ಸಿಗದೆ ಹೋದದ್ದು ಒಬ್ಬಳಿಗೆ, ಆ ಒಬ್ಬಳು ಯಾರೆಂದರೆ ಅತ್ತೆ. ಜನ ಕರಗಿ ಟೀ ಕೊಡುತ್ತಿದ್ದ ಕಡೆ ಹೋಗುವವರೆಗೆ ಕಾದು, ಕ್ಷಮೆ ಕೇಳೋಣವೆಂದು ಬೀದಿ ದಾಟಿ ಮೆಟ್ಟಿಲು ಹತ್ತಿದ.

ಬೆಂಚನ್ನು ಅತಿಥಿಗಳಿಗೆಂದು ಹೊರಗೆ ಒಯ್ದಿದ್ದರು. ಕೂರಲು ಇದ್ದದ್ದು ಗಿರಾಕಿಯ ಕುರ್ಚಿ ಮಾತ್ರ, ಐವತ್ತು ವರ್ಷದಲ್ಲಿ ಅತ್ತೆ ಕೂರದೆ ಇದ್ದ ಕುರ್ಚಿ. ಅದರಲ್ಲಿ ಅವಳು ಕುರ್ಚಿಯ ಎರಡೂ ಕೈಗಳ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕನ್ನಡಿ ನೋಡುತ್ತಾ ಕೂತಿದ್ದಳು. ಮಗಳು ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು, ಅವನನ್ನು ಕಂಡು ಕನ್ನಡಿಯ ಕಡೆ ಬೆರಳು ತೋರಿಸಿದಳು. ಅವನು ಅತ್ತೆಯ ಹಿಂದೆ, ಮಾಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಕನ್ನಡಿಯಲ್ಲಿ ಅತ್ತೆ, ಅವಳ ಹಿಂದೆ ತಾನು, ತನ್ನ ಹಿಂದೆ ತೆರೆದ ಬಾಗಿಲು, ಬೀದಿ, ಬೀದಿಯಾಚೆ ಬಿಸಿಲಿನಲ್ಲಿ ಕತ್ತು ಓರೆ ಮಾಡಿದ ಒಬ್ಬ ಮನುಷ್ಯ. ಎತ್ತಿದ ಕತ್ತರಿ ಬಲಗೈಯಲ್ಲಿತ್ತು. ಸೀಳಿದ ಹುಬ್ಬು ಎಡಗಡೆಯದು. ಅವನ ಕಣ್ಣಿಗೆ ಆ ಮುಖ ಹೊಸದು, ಇಷ್ಟು ವರ್ಷದಲ್ಲಿ ಹಾಗೆ ಕಂಡು ನೆನಪಿನಲ್ಲಿ ಉಳಿದದ್ದು ಒಂದೇ ಒಂದು ಸಲ, ಈ ಮೆಟ್ಟಿಲ ಮೇಲೆ, ಕಣ್ಣಂಚಿನಲ್ಲಿ. ಕತ್ತರಿ ಸರಿಯಾಗಿ ತನ್ನ ನೆತ್ತಿಯ ಪಕ್ಕಕ್ಕೆ, ಆ ಎರಡು ಸುಳಿಯ ಹತ್ತಿರ ಬಂದು ನಿಂತಿತ್ತು, ಅವನು ಬೆನ್ನು ನೆಟ್ಟಗೆ ಮಾಡಿ ಗದ್ದ ಇಳಿಸಿದ.

"ಬಂದ್ರು ನೋಡೇ," ಎಂದಳು ಅತ್ತೆ ಮಗಳಿಗೆ. ಅವಳ ಮುಖದಲ್ಲಿ ಎಂಬತ್ತೊಂದು ವರ್ಷವೂ ಇತ್ತು, ಇಪ್ಪತ್ತಮೂರೂ ಇತ್ತು. "ನಾಳೆಯಿಂದ ಈ ಬಾಗಿಲು ಹಗಲು ಹೊತ್ತು ಮುಚ್ಚಬೇಡ." ಆಮೇಲೆ ಕನ್ನಡಿಯಿಂದ ಕಣ್ಣು ಕೀಳದೆ ಅವನಿಗೆ ಹೇಳಿದಳು.

"ಸ್ವಲ್ಪ ಪಕ್ಕಕ್ಕೆ ಸರಿಯಪ್ಪ ಜೋಡಿಸುಳಿ. ಅಡ್ಡ ನಿಂತಿದ್ದೀಯ."

ಅವನು ಸರಿದ.